ಹೋಟೆಲ್ ಸೇವೆಗಳ ಉದಾರೀಕರಣ: ಗಡಿಯ ತಡೆ, ಮನೆಯೊಳಗಿನ ತಡೆ

ವ್ಯಾಪಾರದ ಅಡೆತಡೆ ಎಂದೊಡನೆ ನಮಗೆ ನೆನಪಾಗುವುದು ಆಮದು ಸುಂಕ. ಸೇವೆಗಳಿಗೆ ಸುಂಕದ ಕಟ್ಟೆಯಿಲ್ಲ. ಅಲ್ಲಿ ವೀಸಾ, ಪರವಾನಗಿ, ಅರ್ಹತಾಪತ್ರ ಹಾಗೂ ತೆರಿಗೆಯ ನಿಯಮಗಳೇ ತಡೆಗಳು. 1995ರ ಜನವರಿ 1ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಘಟನೆಯ ಸೇವಾ ವ್ಯಾಪಾರ ಒಪ್ಪಂದವು ಪ್ರವಾಸೋದ್ಯಮ ಮತ್ತು ಹೋಟೆಲ್ ಸೇವೆಗಳನ್ನೂ ಒಳಗೊಂಡಿದೆ.

ಇದಕ್ಕೂ ಮೂಡಲಪಾಳ್ಯದ ಸಣ್ಣ ಉದ್ದಿಮೆದಾರನಿಗೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ಪೀಣ್ಯದ ಯಂತ್ರಭಾಗಗಳನ್ನು ಪರಿಶೀಲಿಸಲು ಬರುವ ವಿದೇಶಿ ಖರೀದಿದಾರನು ಎಲ್ಲಿಯಾದರೂ ತಂಗಲೇಬೇಕು. ಅವನು ತಂಗುವ ಕೊಠಡಿಯ ಮಂಚ, ಹಾಸು ಹೊದಿಕೆ, ಅಡುಗೆಮನೆಯ ಸ್ಟೀಲ್ ಪಾತ್ರೆಗಳನ್ನು ಒದಗಿಸಬಲ್ಲವರು ನಮ್ಮಂಥ ಸಣ್ಣ ತಯಾರಕರು. ಅತಿಥಿ ಹೆಚ್ಚಿದರೆ ನಮ್ಮ ಆರ್ಡರೂ ಹೆಚ್ಚುತ್ತದೆ.

ಗಡಿಯ ತಡೆಗಳನ್ನು ನಮ್ಮ ದೇಶ ಬಹುಮಟ್ಟಿಗೆ ಸಡಿಲಿಸಿದೆ. ಹೋಟೆಲ್ ಕ್ಷೇತ್ರದಲ್ಲಿ ಪೂರ್ವಾನುಮತಿಯಿಲ್ಲದೆ ಶೇ. 100ರಷ್ಟು ವಿದೇಶಿ ನೇರ ಹೂಡಿಕೆಗೆ ಅವಕಾಶವಿದೆ. 2014ರ ನವೆಂಬರ್‌ನಲ್ಲಿ ಆನ್‌ಲೈನ್ ಪ್ರವಾಸಿ ವೀಸಾ ಆರಂಭವಾದಾಗ ಮೊದಲ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದಾಗಿತ್ತು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಿದೆ ನಮ್ಮ ಮಧ್ಯಮ ದರ್ಜೆಯ ಹೋಟೆಲುಗಳ ಸ್ಥಿತಿ.

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗಳಿಗೆ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ. ಅತಿಥಿಗೆ ಇದು ಸ್ವಾಗತಾರ್ಹ. ಆದರೆ ಹೋಟೆಲಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ನಾವು ಮಾರುವ ಮಂಚ, ಪಾತ್ರೆಗಳ ಮೇಲಿನ ತೆರಿಗೆ ಪೂರ್ತಿಯಾಗಿ ಮಾಲೀಕನ ವೆಚ್ಚಕ್ಕೆ ಸೇರುತ್ತದೆ. ಆ ಭಾರವನ್ನು ಅವನು ನಮ್ಮೊಡನೆ ಚೌಕಾಸಿ ಮಾಡಿಯೇ ಇಳಿಸಿಕೊಳ್ಳುತ್ತಾನೆ. ಶೇ. 18 ತೆರುವ ದುಬಾರಿ ಹೋಟೆಲಿಗೆ ಮಾತ್ರ ಕ್ರೆಡಿಟ್ ಉಂಟು. ಅಲ್ಲದೆ, ಸೇವಾ ವ್ಯಾಪಾರ ಒಪ್ಪಂದದ ಲೆಕ್ಕದಲ್ಲಿ ವಿದೇಶಿ ಪ್ರವಾಸಿಯ ವಾಸ್ತವ್ಯವು ರಫ್ತು. ನಮ್ಮ ಜಿಎಸ್‌ಟಿಯಲ್ಲಿ ಹಾಗಲ್ಲ. ಕಟ್ಟಡ ಇರುವ ಸ್ಥಳವೇ ಸೇವೆಯ ಸ್ಥಳವಾದ್ದರಿಂದ ಆತ ಡಾಲರ್ ತೆತ್ತರೂ ರಫ್ತಿನ ಸೌಲಭ್ಯ ದೊರೆಯದು.

ಇನ್ನು ನಮ್ಮವರು ಹೊರಗೆ ಹೋಗುವ ಮಾತು. ಉಡುಪಿ ಹೋಟೆಲಿನ ಅಡುಗೆ ಭಟ್ಟರ ಕೈಚಳಕಕ್ಕೆ ಹೊರನಾಡಿನಲ್ಲಿ ಬೇಡಿಕೆಯಿದೆ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದವು ಭಾರತದ ಸಾಂಪ್ರದಾಯಿಕ ಬಾಣಸಿಗರು ಮತ್ತು ಯೋಗ ಶಿಕ್ಷಕರಿಗೆ ವರ್ಷಕ್ಕೆ 1,800 ಅವಕಾಶಗಳನ್ನು ಮೀಸಲಿಟ್ಟಿದೆ. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಒಪ್ಪಂದದಲ್ಲಿಯೂ ಬಾಣಸಿಗರ ಪ್ರಸ್ತಾಪವಿದೆ. ಇಡೀ ದೇಶಕ್ಕೆ ಈ ಸಂಖ್ಯೆ ಅತ್ಯಲ್ಪವಾದರೂ ಬಾಗಿಲಂತೂ ತೆರೆದಿದೆ. ಆದರೆ ಒಲೆಯ ಮುಂದೆ ನಿಂತು ಕಲಿತವನ ಬಳಿ ಪ್ರಮಾಣಪತ್ರವಿಲ್ಲ. ಪರದೇಶದ ಅಧಿಕಾರಿ ಸಾಂಬಾರಿನ ರುಚಿ ನೋಡಿ ವೀಸಾ ಕೊಡುವುದಿಲ್ಲ, ಕಾಗದ ಕೇಳುತ್ತಾನೆ.

ವಿದೇಶಿ ಹೋಟೆಲ್ ಸರಪಳಿಗಳು ಸಣ್ಣವರನ್ನು ನುಂಗಿಬಿಡುತ್ತವೆ ಎಂಬ ಭೀತಿ ನಿರಾಧಾರವಲ್ಲ. ಆದರೆ ಬಾಗಿಲು ಮುಚ್ಚುವುದು ಅದಕ್ಕೆ ಪರಿಹಾರವಲ್ಲ. ಹೊರಗಿನವರಿಗೆ ರತ್ನಗಂಬಳಿ ಹಾಸಿ ಒಳಗಿನವರ ಕಾಲಿಗೆ ತೊಡಕು ಹಾಕುವುದನ್ನು ನಿಲ್ಲಿಸುವುದೇ ಪರಿಹಾರ.

ಆದಕಾರಣ ವಾಣಿಜ್ಯ ಸಂಘಗಳು ಮೂರು ಬೇಡಿಕೆಗಳನ್ನು ಸರ್ಕಾರದ ಮುಂದಿಡಬೇಕು. ಹೆಚ್ಚಿನ ದರ ತೆತ್ತು ಕ್ರೆಡಿಟ್ ಪಡೆಯುವ ಆಯ್ಕೆ ಮಧ್ಯಮ ಹೋಟೆಲಿಗೂ ಇರಲಿ. ವಿದೇಶಿ ಅತಿಥಿಯಿಂದ ಬಂದ ವಿದೇಶಿ ವಿನಿಮಯಕ್ಕೆ ರಫ್ತಿನ ಮಾನ್ಯತೆ ದೊರೆಯಲಿ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿರುವ ಪೂರ್ವಕಲಿಕೆಯ ಮಾನ್ಯತೆಯು ನಮ್ಮ ಅಡುಗೆಯವರನ್ನು ತಲುಪಲಿ. ಮೂರನೆಯದಕ್ಕೆ ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ; ಶಿಬಿರ ಏರ್ಪಡಿಸುವ ಹೊಣೆಯನ್ನು ಸಂಘಗಳೇ ಹೊರಬಹುದು.