ಬೇಡಿಕೆ ಇದ್ದಲ್ಲಿ ಅನಾಥರು ಹುಟ್ಟುತ್ತಾರೆ

ನೇಪಾಳಕ್ಕೆ ಹೋಗುವ ವಿದೇಶಿ ಯುವಕರಿಗೆ ಚಾರಣ, ರಾಫ್ಟಿಂಗ್, ಜಂಗಲ್ ಸಫಾರಿಯ ಜತೆಗೆ ಇನ್ನೊಂದು ಪ್ಯಾಕೇಜನ್ನೂ ವರ್ಷಗಳಿಂದ ಮಾರಲಾಗಿದೆ: ಎರಡು ವಾರ ಅನಾಥಾಶ್ರಮದಲ್ಲಿದ್ದು ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು, ಊಟ ಮಾಡಿಸುವುದು, ಆಟ ಆಡಿಸುವುದು. ಶುಲ್ಕ ಕಟ್ಟಬೇಕಾದವರು ಸೇವೆ ಮಾಡಲು ಬಂದವರೇ. ಯುರೋಪು, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಬೆಳೆದ ಈ ಗೀಳು ನಮ್ಮವರಿಗೂ ತಗುಲಿದೆ. ಮಗಳ ಕಾಲೇಜು ಅರ್ಜಿಗೆ ಸಮಾಜಸೇವೆಯ ಒಂದು ಸಾಲು ಸೇರಲಿ ಎನ್ನುವ ಅಪ್ಪ-ಅಮ್ಮಂದಿರು ಬೆಂಗಳೂರಿನಲ್ಲೂ ಇದ್ದಾರೆ, ನ್ಯೂಜೆರ್ಸಿಯಲ್ಲೂ ಇದ್ದಾರೆ.

ಹೋಗುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯ ಮನಸ್ಸಿನ ಜತೆ ದುಡ್ಡೂ ಬರುತ್ತದೆ. ಆ ದುಡ್ಡು ಏನು ಮಾಡಿತು ಎನ್ನುವುದಕ್ಕೆ ಹುಮ್ಲಾ ಜಿಲ್ಲೆಯೇ ಸಾಕ್ಷಿ.

ಹುಮ್ಲಾ ಇರುವುದು ನೇಪಾಳದ ವಾಯವ್ಯ ಮೂಲೆಯಲ್ಲಿ, ಟಿಬೆಟ್ ಗಡಿಗೆ ಅಂಟಿಕೊಂಡು. 1996ರಿಂದ 2006ರವರೆಗೆ ಮಾವೋವಾದಿ ಸಂಘರ್ಷ ನಡೆದಾಗ ಅಲ್ಲಿಗೆ ದಲ್ಲಾಳಿಗಳು ಹತ್ತಿ ಹೋದರು. ‘ಇಲ್ಲಿದ್ದರೆ ಮಗನ ಕೈಗೆ ಬಂದೂಕು ಬರುತ್ತದೆ, ನಮ್ಮ ಜತೆ ಕಳಿಸಿ, ಕಠ್ಮಂಡುವಿನಲ್ಲಿ ಇಂಗ್ಲಿಷ್ ಶಾಲೆಗೆ ಸೇರಿಸುತ್ತೇವೆ’ ಎಂದರು. ತಂದೆ-ತಾಯಿ ಇದ್ದಬದ್ದ ಆಸ್ತಿ ಮಾರಿ ಹಣ ಹೊಂದಿಸಿದರು. ರಾಜಧಾನಿ ತಲುಪುವಷ್ಟರಲ್ಲಿ ಮಕ್ಕಳ ಕಾಗದಪತ್ರದಲ್ಲಿ ಹೆತ್ತವರು ಸತ್ತುಹೋಗಿದ್ದರು. ಕಾನರ್ ಗ್ರೆನನ್ ಎಂಬ ಅಮೆರಿಕದ ಯುವಕ 2004ರಲ್ಲಿ ಕಠ್ಮಂಡು ಸಮೀಪದ ಗೋದಾವರಿಯ ಮಕ್ಕಳ ಮನೆಗೆ ಸ್ವಯಂಸೇವಕನಾಗಿ ಹೋಗಿದ್ದು ಪ್ರಪಂಚ ಪ್ರವಾಸದ ಭಾಗವಾಗಿ. ಒಂದು ದಿನ ಅಲ್ಲಿನ ಇಬ್ಬರು ‘ಅನಾಥ’ ಹುಡುಗರ ತಾಯಿಯೇ ಎದುರು ಬಂದು ನಿಂತಳು. ಆಮೇಲೆ ಆತ ಮಕ್ಕಳ ಫೋಟೊ ಹಿಡಿದು ಹುಮ್ಲಾದ ಬೆಟ್ಟ ಹತ್ತಿ, ಒಂದೊಂದೇ ಹಳ್ಳಿಯಲ್ಲಿ ಅವರ ಮನೆ ಹುಡುಕಿದ. ಸತ್ತವರೆಂದು ದಾಖಲಾಗಿದ್ದವರು ಹೊಲದಲ್ಲಿ ಕೆಲಸ ಮಾಡುತ್ತಿದ್ದರು.

ಅನಾಥಾಶ್ರಮಗಳು ಎಲ್ಲಿವೆ ಎಂದು ನೋಡಿದರೂ ಗುಟ್ಟು ಬಯಲಾಗುತ್ತದೆ. ನೇಪಾಳದಲ್ಲಿ ಅವು ಬಡತನ ಹೆಚ್ಚಿರುವ ಜಿಲ್ಲೆಗಳಲ್ಲಿಲ್ಲ. ಬಹುಪಾಲು ಇರುವುದು ಕಠ್ಮಂಡು ಕಣಿವೆ, ಪೊಖರಾ, ಚಿತವನದಲ್ಲಿ, ಅಂದರೆ ಪ್ರವಾಸಿಗರು ಹೋಗುವ ಕಡೆ. ಕಾಂಬೋಡಿಯಾದ ಕಥೆಯೂ ಇದೇ. 2005ರಿಂದ 2010ರ ನಡುವೆ ಅಲ್ಲಿ ಅನಾಥಾಶ್ರಮಗಳ ಸಂಖ್ಯೆ ಶೇ 75ರಷ್ಟು ಏರಿತು. ಆ ಹೊತ್ತಿಗೆ ಯುದ್ಧ ಮುಗಿದು ವರ್ಷಗಳಾಗಿದ್ದವು. ಏರುತ್ತಿದ್ದುದು ಅಂಗ್ಕೋರ್‌ವಾಟ್ ನೋಡಲು ಬರುವವರ ಸಂಖ್ಯೆ. ಒಳಗಿದ್ದ ನಾಲ್ವರು ಮಕ್ಕಳಲ್ಲಿ ಮೂವರಿಗೆ ತಾಯಿಯೋ ತಂದೆಯೋ ಬದುಕಿದ್ದರು.

ಇನ್ನು ಮಗುವಿನ ಕಡೆಯಿಂದ ನೋಡೋಣ. ಸ್ವಯಂಸೇವಕಿ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಮೂರು ವರ್ಷದ ಮಗು ಓಡಿಬಂದು ತೊಡೆ ಏರಿ ಕೊರಳಿಗೆ ಜೋತುಬೀಳುತ್ತದೆ. ಎಂಥ ಪ್ರೀತಿ ಎಂದು ಆಕೆಯ ಕಣ್ಣು ತುಂಬುತ್ತದೆ, ಫೋಟೊ ತೆಗೆಯುತ್ತಾಳೆ. ಮಕ್ಕಳ ಮನಶ್ಶಾಸ್ತ್ರ ಬಲ್ಲವರು ಅದೇ ಫೋಟೊ ನೋಡಿ ಗಾಬರಿಯಾಗುತ್ತಾರೆ. ಮನೆಯಲ್ಲಿ ಬೆಳೆದ ಆ ವಯಸ್ಸಿನ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಸರಿಯುತ್ತದೆ. ಸಿಕ್ಕಸಿಕ್ಕವರ ತೊಡೆ ಏರುವುದು, ತನ್ನವರು ಯಾರೆಂದು ಗೊತ್ತಿಲ್ಲದ ಮಗುವಿನ ಲಕ್ಷಣ. ಹದಿನೈದು ದಿನದಲ್ಲಿ ಆ ಅಕ್ಕ ಹೋಗುತ್ತಾಳೆ, ಇನ್ನೊಬ್ಬ ಅಕ್ಕ ಬರುತ್ತಾಳೆ, ಅವಳೂ ಹೋಗುತ್ತಾಳೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನವೊಂದು ಅನಾಥಾಲಯಗಳ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಸಾಕುಮನೆ ಸಿಕ್ಕ ಮಕ್ಕಳು ಚೇತರಿಸಿಕೊಂಡರು. ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಎಳೆಯ ಮಗುವಿಗೆ ಬೇಕಾದುದು ನೂರು ಜನರ ಮುದ್ದಲ್ಲ, ದಿನವೂ ಇರುವ ಒಬ್ಬರು.

ಪಾಠದ ಗತಿಯೂ ಅಷ್ಟೇ. ಪ್ರತಿ ತಂಡವೂ ಎಬಿಸಿಡಿಯಿಂದಲೇ ಆರಂಭಿಸುತ್ತದೆ. ಮಕ್ಕಳಿಗೆ ಅದು ಬಾಯಿಪಾಠ. ಆದರೂ ಬಂದವರಿಗೆ ಬೇಸರವಾಗದಿರಲೆಂದು ಹೊಸದಾಗಿ ಕಲಿತಂತೆ ಮತ್ತೆ ಹೇಳುತ್ತಾರೆ. ನಾಲ್ಕೈದು ವರ್ಷದ ಮಕ್ಕಳಿಗೆ ಕಲಿಸುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸವೆಂದು ನಾವು ಭಾವಿಸಿರುವುದೇ ತಪ್ಪು. ಆಸ್ಟ್ರೇಲಿಯಾದಲ್ಲಿ ಶಿಶುವಿಹಾರಕ್ಕೆ ನೆರವಾಗಲು ಹೋಗುವವರ ಪೂರ್ವಾಪರವನ್ನು ಸರ್ಕಾರ ಪರಿಶೀಲಿಸುತ್ತದೆ. ಅದೇ ವ್ಯಕ್ತಿ ವಿಮಾನ ಹತ್ತಿ ಬಡದೇಶದಲ್ಲಿ ಇಳಿದರೆ, ಎಷ್ಟೋ ಕಡೆ ಕೇಳುವವರೇ ಇಲ್ಲ. ಮಕ್ಕಳ ಮೇಲೆ ಕೆಟ್ಟ ಕಣ್ಣಿಟ್ಟವರಿಗೆ ಇದಕ್ಕಿಂತ ಸುಲಭದ ದಾರಿ ಇನ್ನೇನು ಬೇಕು?

ಜಗತ್ತು ಇದನ್ನು ತಡವಾಗಿಯಾದರೂ ಗುರುತಿಸಿದೆ. ಅನಾಥಾಶ್ರಮಗಳಿಗಾಗಿ ಮಕ್ಕಳನ್ನು ಸಾಗಿಸುವುದು ಆಧುನಿಕ ಗುಲಾಮಗಿರಿಯ ಒಂದು ಬಗೆ ಎಂದು ಆಸ್ಟ್ರೇಲಿಯಾದ ಸಂಸದೀಯ ಸಮಿತಿ 2017ರಲ್ಲಿ ಹೇಳಿತು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ನಿರ್ಣಯವೂ ಇಂಥ ಸ್ವಯಂಸೇವೆಯ ಅಪಾಯವನ್ನು ಎತ್ತಿ ಹೇಳಿತು.

ಹಾಗಾದರೆ ಯಾರೂ ಹೋಗಲೇಬಾರದೇ? ಹೋಗಬಹುದು, ಕೈಯಲ್ಲಿ ಕಸುಬಿದ್ದರೆ ಮತ್ತು ಸಮಯವಿದ್ದರೆ. 1961ರಲ್ಲಿ ಆರಂಭವಾದ ಅಮೆರಿಕದ ಪೀಸ್ ಕೋರ್ ಕಾರ್ಯಕರ್ತರು ಮೊದಲು ಸ್ಥಳೀಯ ಭಾಷೆ ಕಲಿತು, ಆಮೇಲೆ ಎರಡು ವರ್ಷ ಊರಲ್ಲಿ ನಿಲ್ಲುತ್ತಾರೆ. ಬ್ರಿಟನ್ನಿನ ಸ್ವಯಂಸೇವಾ ಸಂಸ್ಥೆ ವಿಎಸ್‌ಒ 1958ರಲ್ಲಿ ಶಾಲೆ ಮುಗಿಸಿದ ಹುಡುಗರನ್ನು ಕಳಿಸುತ್ತಿತ್ತು. ಕ್ರಮೇಣ ಅನುಭವಿ ವೃತ್ತಿಪರರತ್ತ ಹೊರಳಿತು. ನುರಿತ ಶಿಕ್ಷಕಿಯೊಬ್ಬರು ಅಲ್ಲಿನ ಶಿಕ್ಷಕಿಯರಿಗೆ ತರಬೇತಿ ಕೊಟ್ಟರೆ, ಅವರು ಮರಳಿದ ಮೇಲೂ ಕಲಿಕೆ ಉಳಿಯುತ್ತದೆ.

ನಮ್ಮ ಅಂಗಳವೂ ಸ್ವಚ್ಛವಾಗಿಲ್ಲ. ಹುಟ್ಟುಹಬ್ಬಕ್ಕೆ ಅನಾಥಾಶ್ರಮದಲ್ಲಿ ಕೇಕ್ ಕತ್ತರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ಹಾಕುವ ಪದ್ಧತಿ ನಮ್ಮ ನಗರಗಳಲ್ಲಿ ಬೇರೂರಿದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಸಂಕಷ್ಟದಲ್ಲಿರುವ ಮಗು ತನ್ನ ಮನೆಯಲ್ಲೇ, ಬಂಧುಗಳ ಬಳಿಯೇ ಬೆಳೆಯಲೆಂದು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೆರವಿದೆ. ಈ ನೆರವಿಗೆ ಅರ್ಹವಾದ ಕುಟುಂಬ ನಿಮ್ಮ ಕಣ್ಣಿಗೆ ಬಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದೊಯ್ದು ಅರ್ಜಿ ತುಂಬಿಸಿ. ಸ್ವಯಂಸೇವೆಗೆಂದು ವಿದೇಶಕ್ಕೆ ಹೊರಟ ಮಕ್ಕಳಿದ್ದರೆ, ಹಣ ಕಟ್ಟುವ ಮುನ್ನ ಅಲ್ಲಿನ ಆಶ್ರಮದವರಿಗೆ ಒಂದೇ ಪ್ರಶ್ನೆ ಕೇಳಿಸಿ: ‘ಈ ಮಕ್ಕಳ ತಂದೆ-ತಾಯಿ ಎಲ್ಲಿದ್ದಾರೆ, ಮಕ್ಕಳನ್ನು ಮನೆಗೆ ಸೇರಿಸಲು ನೀವೇನು ಮಾಡಿದ್ದೀರಿ?’ ನೇರ ಉತ್ತರ ಬಾರದಿದ್ದರೆ ಅಲ್ಲಿಗೆ ಹೋಗುವುದೂ ಬೇಡ, ದುಡ್ಡು ಕಳಿಸುವುದೂ ಬೇಡ.