ಕೊರಳ ಶಸ್ತ್ರಕ್ರಿಯೆಯೂ ಸರಕಾರದ ಹೊಣೆಯೂ

ಜೋತುಬಿದ್ದ ಕೊರಳನ್ನು ಬಿಗಿಗೊಳಿಸಿ ಕಳೆದ ಯೌವನವನ್ನು ಮರಳಿ ಕೊಡುತ್ತೇವೆಂಬ ಜಾಹೀರಾತುಗಳು ನಮ್ಮ ಪಟ್ಟಣಿಗರಿಗೆ ಈಗ ಅಪರಿಚಿತವಾಗಿ ಉಳಿದಿಲ್ಲ. ಒಂದು ಪಕ್ಕದಲ್ಲಿ ಶಸ್ತ್ರಕ್ರಿಯೆಗೆ ಮೊದಲಿನ ಚಿತ್ರ. ಇನ್ನೊಂದು ಪಕ್ಕದಲ್ಲಿ ಅನಂತರದ ಚಿತ್ರ. ಇವೆರಡರ ನಡುವೆ ಕಳೆಯಬೇಕಾದ ವಾರಗಳ ವಿಷಯವಾಗಿ ಮಾತ್ರ ಅಲ್ಲಿ ಒಂದಕ್ಷರವೂ ಕಾಣುವುದಿಲ್ಲ. ಆ ಮಧ್ಯಕಾಲದ ಸಂಗತಿಯನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಇದು ಸಿರಿವಂತರ ಶೋಕಿಯೆಂದು ಯಾರೂ ತಳ್ಳಿಹಾಕಲಾಗದು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಗೆ ಒಳಗಾದ 21 ವರ್ಷದ ಕಿರುತೆರೆಯ ನಟಿಯೊಬ್ಬರು ಅಸುನೀಗಿದರು. ಆ ಶಸ್ತ್ರಕ್ರಿಯೆ ಬೇರೆ, ಕೊರಳಿನದು ಬೇರೆ ಎಂಬುದು ದಿಟವೇ. ಆದರೆ ಎರಡರಲ್ಲಿಯೂ ರೋಗವಿಲ್ಲದ ದೇಹವೇ ಶಸ್ತ್ರಕ್ಕೆ ಒಡ್ಡಲ್ಪಡುತ್ತದೆ. ರೋಗವನ್ನು ನೀಗಲು ಅಪಾಯವನ್ನು ಹೊರುವ ಲೆಕ್ಕಕ್ಕೂ ಆರೋಗ್ಯವಂತನು ಅದನ್ನು ಹೊರುವ ಲೆಕ್ಕಕ್ಕೂ ಅಂತರವುಂಟು.

ಕೊರಳಿನ ಚರ್ಮದ ಕೆಳಗೆ ಪ್ಲಾಟಿಸ್ಮ ಎಂಬ ತೆಳುವಾದ ಸ್ನಾಯುವು ಹರಡಿಕೊಂಡಿದೆ. ವಯಸ್ಸಾದಂತೆ ಅದರ ಅಂಚುಗಳು ಸಡಿಲಗೊಂಡು ಹುರಿಗಳಂತೆ ಎದ್ದು ಕಾಣುತ್ತವೆ, ಚರ್ಮವು ಜೋಲುತ್ತದೆ. ಶಸ್ತ್ರವೈದ್ಯರು ಸಾಮಾನ್ಯವಾಗಿ ಗದ್ದದ ಕೆಳಗೂ ಕಿವಿಗಳ ಸುತ್ತಲೂ ಕೊಯ್ದು, ಹೆಚ್ಚಿನ ಕೊಬ್ಬನ್ನು ತೆಗೆದು, ಸ್ನಾಯುವಿನ ಅಂಚುಗಳನ್ನು ಕೂಡಿಸಿ ಹೊಲಿದು, ಮಿಕ್ಕ ಚರ್ಮವನ್ನು ಕತ್ತರಿಸುತ್ತಾರೆ. ಅರಿವಳಿಕೆ ಕೊಟ್ಟು ಕೆಲವು ಗಂಟೆಗಳ ಕಾಲ ನಡೆಸುವ ಈ ಕ್ರಿಯೆಯನ್ನು ಕ್ಷೌರದಂಗಡಿಯ ಉಪಚಾರದಂತೆ ವರ್ಣಿಸುವುದು ಜನರನ್ನು ವಂಚಿಸಿದಂತೆಯೇ ಸರಿ.

ಮೊದಲ 24 ಗಂಟೆಗಳು ಅತ್ಯಂತ ಎಚ್ಚರದ ಗಂಟೆಗಳು. ಚರ್ಮದಡಿಯಲ್ಲಿ ರಕ್ತವು ಶೇಖರವಾಗುವ ತೊಡಕು ಹೆಚ್ಚಾಗಿ ಆಗಲೇ ತಲೆದೋರುತ್ತದೆ. ರಕ್ತದ ಒತ್ತಡ ಹೆಚ್ಚಿದವರಲ್ಲಿ ಅದರ ಸಂಭವವು ಅಧಿಕ. ಒಂದು ಪಕ್ಕದಲ್ಲಿ ಹಠಾತ್ತನೆ ಬಾವೂ ನೋವೂ ಏರಿದರೆ, ಇಲ್ಲವೆ ಉಸಿರಾಟಕ್ಕೆ ತೊಂದರೆಯಾದರೆ, ಬೆಳಗಾಗುವ ತನಕ ಕಾಯತಕ್ಕದ್ದಲ್ಲ. ಬಾವು ಮತ್ತು ಕಂದುಗಟ್ಟುವಿಕೆ ಬಹುಮಟ್ಟಿಗೆ ಇಳಿಯಲು ಸುಮಾರು ಎರಡು ವಾರಗಳು ಹಿಡಿಯುತ್ತವೆ. ಆ ದಿನಗಳಲ್ಲಿ ತಲೆಯನ್ನು ಎತ್ತರಿಸಿ ಮಲಗಬೇಕು. ಕೊರಳಿಗೆ ಪಟ್ಟಿ ಕಟ್ಟಿಕೊಂಡಿರಬೇಕಾಗಬಹುದು. ಭಾರವನ್ನು ಎತ್ತುವುದು ಕೆಲವು ವಾರ ನಿಷಿದ್ಧ. ಕಿವಿಯ ಸುತ್ತಲಿನ ಜೋಮು ತಿಂಗಳುಗಟ್ಟಲೆ ಉಳಿಯುವುದುಂಟು. ನರಕ್ಕೆ ಪೆಟ್ಟಾದರೆ ಕೆಳದುಟಿಯು ಸೊಟ್ಟಗಾಗಬಹುದು; ಇದು ಸಾಮಾನ್ಯವಾಗಿ ವಾಸಿಯಾಗುವುದಾದರೂ ಅಪರೂಪಕ್ಕೆ ಶಾಶ್ವತವಾಗಿ ನಿಲ್ಲುತ್ತದೆ. ಧೂಮಪಾನಿಗಳಲ್ಲಿ ರಕ್ತನಾಳಗಳು ಸಂಕುಚಿಸಿ ಕೊಯ್ದ ಚರ್ಮವೇ ಸಾಯುವ ಭಯವಿರುವುದರಿಂದ ಮುಂದೆಯೂ ಹಿಂದೆಯೂ ಹಲವು ವಾರ ಆ ಚಟವನ್ನು ಬಿಡಬೇಕು. ಇಷ್ಟೆಲ್ಲ ಆದ ಮೇಲೂ ವಯಸ್ಸು ನಿಲ್ಲುವುದಿಲ್ಲ. ಕೊರಳು ಕಾಲಕ್ರಮದಲ್ಲಿ ಮತ್ತೆ ಸಡಿಲವಾಗುತ್ತದೆ.

ಇದನ್ನೆಲ್ಲ ಅರಿತು ಒಪ್ಪುವವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತಮ್ಮ ದೇಹದ ವಿಷಯದಲ್ಲಿ ನಿರ್ಣಯಿಸುವ ಹಕ್ಕು ಅವರದೇ. ಆದರೆ ಅರಿಯದೆ ಕೊಟ್ಟ ಒಪ್ಪಿಗೆಯು ಒಪ್ಪಿಗೆಯಾಗಲಾರದು. ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಅದಕ್ಕಿರುವ ಪರ್ಯಾಯ ಇವುಗಳನ್ನು ತಿಳಿಸಿ ಪಡೆದ ಸಮ್ಮತಿಯೇ ಸಮ್ಮತಿಯೆಂದು ಸುಪ್ರೀಂ ಕೋರ್ಟು 2008ರಲ್ಲಿಯೇ ವಿಧಿಸಿದೆ. ಮೇಜಿನ ಮೇಲೆ ಸಹಿಗಾಗಿ ತಳ್ಳಿದ ಅಚ್ಚಿನ ಕಾಗದವು ಈ ವಿಧಿಯನ್ನು ತೃಪ್ತಿಪಡಿಸುವುದೆಂದು ನಾವು ನಂಬಲಾರೆವು.

ಆದುದರಿಂದ ಶಸ್ತ್ರಕ್ಕೆ ಒಳಗಾಗುವವರು ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳತಕ್ಕದ್ದು. ಕೊಯ್ಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮಾನವಾದ ಪದವಿಯನ್ನು ಪಡೆದವರೇ? ಅರಿವಳಿಕೆಯನ್ನು ಕೊಡುವ ತಜ್ಞರು ಯಾರು? ಆ ರಾತ್ರಿ ಜೊತೆಯಲ್ಲಿರುವ ವೈದ್ಯರಾರು? ತುರ್ತು ಒದಗಿದರೆ ತೀವ್ರ ನಿಗಾ ಘಟಕವು ಎಲ್ಲಿದೆ? ಕೇವಲ ಅಂದಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಯ ವೆಚ್ಚವನ್ನು ಆರೋಗ್ಯವಿಮೆಯು ಸಾಮಾನ್ಯವಾಗಿ ಭರಿಸುವುದಿಲ್ಲವೆಂಬುದೂ ನೆನಪಿನಲ್ಲಿರಲಿ.

ಇನ್ನು ಸರಕಾರದ ಮಾತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನು ನಮ್ಮ ರಾಜ್ಯದಲ್ಲಿ 2007ರಿಂದಲೂ ಇದೆ. ನೋಂದಣಿ, ತಪಾಸಣೆ, ದಂಡನೆ ಈ ಎಲ್ಲ ಅಧಿಕಾರಗಳೂ ಅದರಲ್ಲಿವೆ. ಸಾವಾದ ಮೇಲೆ ಬಾಗಿಲಿಗೆ ಬೀಗ ಹಾಕುವ ಅಧಿಕಾರಿಗೆ ಅದಕ್ಕಿಂತ ಮುಂಚೆಯೇ ಬಾಗಿಲು ತೆರೆಸಿ ನೋಡುವ ಅಧಿಕಾರವೂ ಉಂಟಷ್ಟೆ. ಸೌಂದರ್ಯ ಶಸ್ತ್ರಕ್ರಿಯೆಯನ್ನು ನಡೆಸುವ ಪ್ರತಿಯೊಂದು ಸಂಸ್ಥೆಯ ಶಸ್ತ್ರವೈದ್ಯರ ಪದವಿಯನ್ನೂ ತುರ್ತು ಏರ್ಪಾಡನ್ನೂ ಜಿಲ್ಲೆಯ ಅಧಿಕಾರಿಗಳು ಪರೀಕ್ಷಿಸಿ, ಆ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಇದಕ್ಕೆ ಹೊಸ ಶಾಸನವೂ ಬೇಡ, ಹೊಸ ಸಮಿತಿಯೂ ಬೇಡ. ಇರುವ ಶಾಸನವನ್ನು ಜಾರಿಗೆ ತರುವ ಮನಸ್ಸು ಮಾತ್ರ ಬೇಕು.