ಮೇವಿಗೆ ಯೂರಿಯಾ: ಎಲ್ಲಿ ಬೇಕು, ಎಲ್ಲಿ ಬೇಡ

ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದಂತೆ ಮಳೆ ಕಡಿಮೆಯಾಗುತ್ತದೆ, ದನದ ಗೋದಲಿಯಲ್ಲಿನ ಮೇವೂ ಬದಲಾಗುತ್ತದೆ. ಕಿತ್ತೂರಿನ ಕಡೆ ಭತ್ತದ ಹುಲ್ಲು. ಬೈಲಹೊಂಗಲದಲ್ಲಿ ಕಬ್ಬಿನ ಸೋಗೆ, ಸೋಯಾ ಹೊಟ್ಟು. ಸವದತ್ತಿ, ರಾಮದುರ್ಗಗಳ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಕಣಕಿ, ಕಡಲೆ ಹೊಟ್ಟು. ಈ ನಾಲ್ಕೂ ತಾಲ್ಲೂಕುಗಳಿಗೆ ‘ಒಣಮೇವನ್ನು ಯೂರಿಯಾದಿಂದ ಉಪಚರಿಸಿರಿ’ ಎಂಬ ಒಂದೇ ಸಲಹೆಯನ್ನು ಕೊಡುವುದು ಶಾಸ್ತ್ರೀಯವೂ ಅಲ್ಲ, ರೈತನಿಗೆ ಉಪಕಾರವೂ ಅಲ್ಲ.

ವಿಧಾನ ಸರಳವಾದದ್ದು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು ಒತ್ತಿ, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ಹುಲ್ಲಿನಲ್ಲಿರುವ ಸೂಕ್ಷ್ಮಾಣುಗಳ ಕಿಣ್ವ ಯೂರಿಯಾವನ್ನು ಅಮೋನಿಯವಾಗಿ ಒಡೆಯುತ್ತದೆ. ಆ ಅಮೋನಿಯ ಲಿಗ್ನಿನ್ ಮತ್ತು ನಾರಿನ ನಡುವಣ ಬಿಗಿತವನ್ನು ಸಡಿಲಿಸುತ್ತದೆ. ಶೇಕಡಾ 3–4ರಷ್ಟಿದ್ದ ಕಚ್ಚಾ ಪ್ರೋಟೀನು 7–8ಕ್ಕೆ ಏರುತ್ತದೆ, ಹುಲ್ಲು ಮೆದುವಾಗುತ್ತದೆ, ದನ ಹೆಚ್ಚು ತಿನ್ನುತ್ತದೆ.

‘ರಾಸಾಯನಿಕವನ್ನು ಹೊಲದಿಂದ ಹೊರಗೆ ಹಾಕಲು ಹೊರಟ ನಾವು ಅದನ್ನು ಹಸುವಿನ ಹೊಟ್ಟೆಗೆ ಹಾಕುವುದೇ?’ ಎಂದು ನಮ್ಮ ಬಳಗದ ಗೆಳೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅಮೋನಿಯವನ್ನು ಬಳಸಿ ತಮ್ಮ ಮೈಯ ಪ್ರೋಟೀನನ್ನು ಕಟ್ಟಿಕೊಳ್ಳುತ್ತವೆ. ಮುಂದೆ ಹಸು ಅವನ್ನೇ ಅರಗಿಸಿಕೊಳ್ಳುತ್ತದೆ. ಹಸುವಿನ ಜೊಲ್ಲಿನಲ್ಲಿಯೂ ಸ್ವಲ್ಪ ಯೂರಿಯಾ ಇರುತ್ತದೆ. ಅಪಾಯವಿರುವುದು ಅಳತೆ ತಪ್ಪಿದಾಗ, ಯೂರಿಯಾ ನೀರನ್ನು ದನ ನೇರವಾಗಿ ಕುಡಿದಾಗ. ಆರು ತಿಂಗಳೊಳಗಿನ ಕರುವಿಗೂ ಕುದುರೆಗೂ ಈ ಮೇವು ಸಲ್ಲದು. ನನ್ನ ಆಕ್ಷೇಪ ಬೇರೆಯದು: ಹುಲ್ಲನ್ನು ಬಿಚ್ಚಿ ಹರವಿದಾಗ ಹಾಕಿದ ಸಾರಜನಕದ ದೊಡ್ಡ ಪಾಲು ಗಾಳಿಯ ಪಾಲಾಗುತ್ತದೆ. ಆದ್ದರಿಂದ ಅನಿವಾರ್ಯವಾದಲ್ಲಿ ಮಾತ್ರ ಈ ಉಪಚಾರ ತಕ್ಕದ್ದು.

ಅನಿವಾರ್ಯವೆಲ್ಲಿ? 1980–90ರ ದಶಕಗಳಲ್ಲಿ ಭಾರತ–ಡಚ್ ಸಹಯೋಗದ ಯೋಜನೆಯೊಂದು ದೇಶದ ಹಲವೆಡೆ ಇದನ್ನು ಪರೀಕ್ಷಿಸಿತು. ತೆಳುಹುಲ್ಲು ಹೇರಳವಾಗಿರಬೇಕು, ಹಸಿಮೇವು ದುರ್ಲಭವಾಗಿರಬೇಕು, ನೀರು ಕೈಗೆಟುಕಬೇಕು, ಹಾಲಿಗೆ ಬೆಲೆಯಿರಬೇಕು. ಇವೆಲ್ಲ ಕೂಡಿದಲ್ಲಿ ಮಾತ್ರ ಅದು ನಿಲ್ಲುತ್ತದೆಂಬುದು ಅಲ್ಲಿ ಸ್ಪಷ್ಟವಾಯಿತು. ಕಿತ್ತೂರಿನ ಭತ್ತದ ಹುಲ್ಲು ಈ ಲೆಕ್ಕಕ್ಕೆ ಒಪ್ಪುತ್ತದೆ. ದಿನಕ್ಕೆ ನಾಲ್ಕೈದು ಲೀಟರ್ ಕೊಡುವ ಎಮ್ಮೆ ಅಥವಾ ಆಕಳಿಗೆ ಅದರಿಂದ ಹಿಂಡಿಯ ಖರ್ಚು ತಗ್ಗುತ್ತದೆ. ಹದಿನೈದು ಲೀಟರಿನ ಮಿಶ್ರತಳಿಯನ್ನು ಅದರ ಮೇಲೆಯೇ ಸಾಕುತ್ತೇವೆಂದರೆ ಆಗದ ಮಾತು.

ಸವದತ್ತಿ, ರಾಮದುರ್ಗಗಳ ಬಿಳಿಜೋಳದ ಕಣಕಿಗೆ ಬೇಕಾದದ್ದು ಯೂರಿಯಾ ಅಲ್ಲ, ಕತ್ತರಿಸುವ ಯಂತ್ರ. ಇಡಿಯಾಗಿ ಹಾಕಿದ ಕಣಕಿಯಲ್ಲಿ ದನ ಎಲೆಯನ್ನಾರಿಸಿ ದಂಟನ್ನು ಕಾಲಡಿ ಬಿಡುತ್ತದೆ. ದಪ್ಪ ದಂಟನ್ನು ಗಾಳಿಯಿಲ್ಲದಂತೆ ಒತ್ತಿ ಕೂಡಿಡುವುದೂ ಕಷ್ಟ. ಸಣ್ಣಗೆ ಕತ್ತರಿಸಿ, ಅದೇ ಹೊಲದ ಕಡಲೆ ಹೊಟ್ಟು ಅಥವಾ ಶೇಂಗಾ ಬಳ್ಳಿಯನ್ನು ಬೆರೆಸಿದರೆ ಪ್ರೋಟೀನಿನ ಕೊರತೆ ಬಹಳಷ್ಟು ನೀಗುತ್ತದೆ. ದ್ವಿದಳದ ಬೇರು ಪುಕ್ಕಟೆ ಹಿಡಿದುಕೊಟ್ಟ ಸಾರಜನಕವಿರುವಾಗ ಚೀಲದ ಸಾರಜನಕವೇಕೆ? ನಿಜವಾದ ನಷ್ಟ ಜೋಳದ ಹೊಲವೇ ಕಡಿಮೆಯಾಗುತ್ತಿರುವುದು. ಹಿರಿಯರು ಮಾಲದಂಡಿ ಜೋಳವನ್ನು ಬಿಡದೆ ಹಿಡಿದದ್ದು ರೊಟ್ಟಿಗಾಗಿ ಎಷ್ಟೋ ಬಣವೆಗಾಗಿಯೂ ಅಷ್ಟೇ. ತಳಿಯನ್ನು ತೂಗುವಾಗ ಕಾಳಿನ ಇಳುವರಿಯ ಸಮಕ್ಕೆ ಕಣಕಿಯ ಜೀರ್ಣೀಯತೆಯನ್ನೂ ಇಡಬೇಕೆಂದು ಕೃಷಿ ವಿಶ್ವವಿದ್ಯಾಲಯಗಳನ್ನು ನಾವು ಒತ್ತಾಯಿಸಬೇಕಾಗಿದೆ.

ಕಬ್ಬಿನ ವಿಚಾರದಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು. ಒಣ ರವದಿ ಮೇವೇ ಅಲ್ಲ. ಅದನ್ನು ಉಪಚರಿಸುವುದೂ ಬೇಡ, ಸುಡುವುದಂತೂ ಬೇಡ, ಸಾಲಿನ ನಡುವೆ ಹೊದಿಸಿದರೆ ಕೂಳೆಗೆ ತೇವ ಉಳಿಯುತ್ತದೆ. ಹಸಿ ಸೋಗೆ ಮಾತ್ರ ಒಳ್ಳೆಯ ಮೇವು. ಕಟಾವಿನ ಕಾಲದಲ್ಲಿ ರಾಶಿರಾಶಿಯಾಗಿ ಸಿಕ್ಕು ಬೇಸಿಗೆಯಲ್ಲಿ ಇಲ್ಲವಾಗುವ ಅದನ್ನು ಕತ್ತರಿಸಿ ಗುಂಡಿಯಲ್ಲಿ ರಸಮೇವಾಗಿ ಹುದುಗಿಸಿಡಬೇಕು. ಸೋಗೆಯ ಆಕ್ಸಲೇಟು ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ ಖನಿಜ ಮಿಶ್ರಣವನ್ನು ತಪ್ಪಿಸಬಾರದು.

ಬಯಲಿನ ಮೇವಿನ ಮಾತು ಬೆಟ್ಟದ ಪತ್ರಿಕೆಗೆ ಏಕೆ ಎನ್ನುವವರಿಗೆ: ಬಯಲಿನಲ್ಲಿ ಮೇವಿನ ಬೆಲೆ ಏರಿದಾಗ ಬೆಟ್ಟದ ಹುಲ್ಲು ಕೆಳಗಿಳಿಯುತ್ತದೆ, ಬೆಟ್ಟದ ದನ ಕಾಡು ಹತ್ತುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ಉಪಚಾರಕ್ಕೆ ನೀರೆಲ್ಲಿಯದು ಎಂಬ ಮಾತು ಬರುತ್ತದೆ. 50 ಲೀಟರ್ ಎಂದರೆ ಹಾಲು ಕೊಡುವ ಒಂದು ಹಸು ಹೆಚ್ಚುಕಡಿಮೆ ಒಂದು ದಿನ ಕುಡಿಯುವ ನೀರು. ಅದರಿಂದ 100 ಕಿಲೋ ಮೇವು ಸುಧಾರಿಸುತ್ತದೆ. ಅಷ್ಟೇ ಮೇವನ್ನು ಹಸಿಯಾಗಿ ಬೆಳೆಯಲು ಬೇಕಾಗುವ ನೀರಿಗೆ ಇದನ್ನು ಹೋಲಿಸುವಂತೆಯೇ ಇಲ್ಲ.

ಕೊರತೆ ಬಿದ್ದ ಮೇಲೆ ಗೋಶಾಲೆ ತೆರೆಯುವ ಸರ್ಕಾರ ಕೊರತೆಗೆ ಮುನ್ನ ಮಾಡಬಹುದಾದದ್ದು ದುಬಾರಿಯೇನಲ್ಲ. ಹಾಲು ಸಂಘಕ್ಕೊಂದು ಮೇವು ಕತ್ತರಿಸುವ ಯಂತ್ರ, ಸರದಿಯಲ್ಲಿ ಬಳಸಲು ಗಟ್ಟಿ ತಾಡಪಾಲು, ತೂಕದ ಕಾಟಾ. ಮೊದಲ ಗುಂಡಿಯನ್ನು ಮುಚ್ಚುವ ದಿನ ಪಶುವೈದ್ಯರೊಬ್ಬರು ಪಕ್ಕದಲ್ಲಿರಬೇಕು. ಗೋದಲಿಯ ಮುಂದೆ ನಿಲ್ಲುವವರು ಬಹುಪಾಲು ಹೆಣ್ಣುಮಕ್ಕಳು. ತರಬೇತಿಯ ಪಟ್ಟಿಯಲ್ಲಿ ಅವರ ಹೆಸರು ಮೊದಲಿರಲಿ. ಕಿತ್ತೂರಿನಲ್ಲಿ ಭತ್ತದ ಒಕ್ಕಲು ಮುಗಿದ ಕೂಡಲೇ, ಬಾವಿಯಲ್ಲಿ ಇನ್ನೂ ನೀರಿರುವಾಗಲೇ, ಇದನ್ನು ಆರಂಭಿಸಬೇಕು.